ಹಾರಿಹೋದ ಹಕಾರ

ಆಗಸ್ಟ್ 4, ಸೋಮವಾರ
ಗುಂಡ್ಲುಪೇಟೆ

ಮಾನ್ಯ ವೀಕ್ಷಕರೇ, ಮಹಾಜನಗಳೇ, ಒಲೆಯ ಮೇಲೆ ಒಗ್ಗರಣೆ ಸೀದರೂ ಟೀವಿ ಮುಂದಿನಿಂದ ಏಳದ ಮಹಾತಾಯಂದಿರೇ!

ಮುಂದೊಂದು ದಿನ ನೀವು ನನ್ನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, "ನಿಮ್ಮ ಆರಂಭದ ದಿನಗಳ ಬಗ್ಗೆ ಹೇಳಿ ಸಾರ್" ಎಂದು ಕೇಳಿಯೇ ಕೇಳುತ್ತೀರಿ. ಆಗ ವಿಷಯವೇ ಮರೆತುಹೋದರೆ? ಆ ಮುಂದಾಲೋಚನೆಯಿಂದ ಈ ದಿನಚರಿ. ಕಿರುತೆರೆಯ ಖ್ಯಾತ ನಿರ್ದೇಶಕ ಶಶಿಕುಮಾರನ ಆರಂಭದ ದಿನಗಳು ಇಂದಿನಿಂದ ಆರಂಭ. ವಯಸ್ಸು ನಲವತ್ತಾರು. ಆರಂಭಕ್ಕೆ ಸ್ವಲ್ಪ ಹೆಚ್ಚಾಯಿತು ಎನ್ನುವವರಿಗೆ ನನ್ನದೇ ಒಂದು ಪ್ರಾಸ: ಮಾವು ತಡವಾದರೆ ಹಣ್ಣು, ಮನುಷ್ಯ ತಡವಾದರೆ ಹುಣ್ಣು.

ಬಾಲ್ಯ: ಚಾಮರಾಜನಗರದ ಪಕ್ಕದ ಹರದನಹಳ್ಳಿ. ಅಪ್ಪ ಮರಿಯಪ್ಪನಿಗೆ ಕೂಲಿ, ಅವ್ವ ಸೋಮಮ್ಮನಿಗೂ ಕೂಲಿ, ನನಗೆ ಮಾತ್ರ ಪ್ರಾಸದ ಖಯಾಲಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬೆಂಗಳೂರಿಗೆ ಹೋದವನು ಇಪ್ಪತ್ತು ವರ್ಷ ಧಾರಾವಾಹಿಗಳ ಸೆಟ್ಟಿನಲ್ಲಿ ಪ್ರಾಂಪ್ಟರ್ ಆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಲಾವಿದರಿಗೆ ಮಾತು ಬಾಯಿಪಾಠ ಮಾಡಲು ಪುರಸೊತ್ತಿಲ್ಲ. ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಒಬ್ಬ ಕುಳಿತು ಒಂದೊಂದೇ ಸಾಲು ಹೇಳಿಕೊಡುತ್ತಾನೆ, ಅವರು ಅದನ್ನೇ ಕಣ್ಣೀರು ಬೆರೆಸಿ ಒಪ್ಪಿಸುತ್ತಾರೆ. ಸೋಫಾದ ಹಿಂದೆ, ತುಳಸಿಕಟ್ಟೆಯ ಮರೆಯಲ್ಲಿ, ಮಂಚದ ಕೆಳಗೆ ನನ್ನ ಯೌವನ ಕಳೆಯಿತು. ಕೆಲವು ಮಂಚಗಳ ಅಡಿಭಾಗ ನನಗೆ ನನ್ನ ಹೆಂಡತಿ ನಾಗಮಣಿಯ ಮುಖಕ್ಕಿಂತ ಚೆನ್ನಾಗಿ ಗೊತ್ತು.

ಈಗ ಒಂದು ಚಾನೆಲ್‌ಗೆ ನಮ್ಮ ಸೀಮೆಯ ಭಾಷೆಯ ಧಾರಾವಾಹಿ ಬೇಕಂತೆ. ಹೆಸರು 'ಕೆಂಪಮ್ಮನ ಕೋಟೆ'. ನಿರ್ಮಾಪಕ ದೊರೆಸ್ವಾಮಿಯವರು ಕರೆದು, "ನಮ್ಮಲ್ಲಿ ಆ ಕಡೆಯೋನು ಅಂದ್ರೆ ನೀನೊಬ್ನೇ ಕಣಯ್ಯಾ. ಮೊದಲ ಹತ್ತು ಸಂಚಿಕೆ ಡೈರೆಕ್ಟ್ ಮಾಡು. ಅವರಿಗೆ ಹಿಡಿಸಿದ್ರೆ ಸೀರಿಯಲ್ ಪೂರ್ತಿ ನಿಂದು. ಹಿಡಿಸಲಿಲ್ಲ ಅಂದ್ರೆ ಇದೆಯಲ್ಲ, ಮಂಚದ ಕೆಳಗೆ" ಅಂದರು.

ನಾಳೆಯಿಂದ ಮಾನಿಟರ್ ಮುಂದೆ ನನ್ನ ಕುರ್ಚಿ. ಕುರ್ಚಿಗೆ ಬೆನ್ನು ಒರಗುತ್ತದೆ ಎಂದು ಈಗಾಗಲೇ ಪರೀಕ್ಷಿಸಿ ಬಂದಿದ್ದೇನೆ.

ಆಗಸ್ಟ್ 6, ಬುಧವಾರ

ನಿನ್ನೆ ಮುಹೂರ್ತ. ಬೂದುಗುಂಬಳ ಒಡೆದರು, ಕ್ಯಾಮೆರಾಗೆ ಕರ್ಪೂರ ಬೆಳಗಿದರು. ನಾನು "ಆಕ್ಷನ್" ಎಂದೆ. ಜನರೇಟರ್ "ಡಬ್" ಎಂದಿತು. ಮಧ್ಯಾಹ್ನದವರೆಗೆ ನಮ್ಮಿಬ್ಬರಲ್ಲಿ ಕೊನೆಯ ಮಾತು ಅದರದೇ.

ಕೆಂಪಮ್ಮನ ಪಾತ್ರಕ್ಕೆ ಭಾನು ಮೇಡಂ. ಒಳ್ಳೆಯ ಕಲಾವಿದೆ. ಆದರೆ ಅವರ ಮಾತು ಇಸ್ತ್ರಿ ಮಾಡಿದ ರೇಷ್ಮೆ, ಕೆಂಪಮ್ಮ ಕಬ್ಬು ಕಡಿಯುವವಳು.

"ಶಶಿ ಸಾರ್, ಪ್ರಾಂಪ್ಟ್ ನೀವೇ ಮಾಡ್ತೀರಲ್ವಾ? ನಿಮ್ಮೂರ ಭಾಷೆ ನಿಮ್ಮ ಬಾಯಿಂದ್ಲೇ ಬರ್ಲಿ."

"ನಾನು ಡೈರೆಕ್ಟರ್, ಮೇಡಂ. ಪ್ರಾಂಪ್ಟ್‌ಗೆ ಗಣೇಶ ಇದ್ದಾನೆ."

ಗಣೇಶ ನನ್ನ ಅಸೋಸಿಯೇಟ್. ಚುರುಕಿನ ಮನುಷ್ಯ, ಬೆಂಗಳೂರಲ್ಲೇ ಹುಟ್ಟಿ ಬೆಳೆದವನು. ನಾನು ಬರೆದದ್ದನ್ನು ಅಕ್ಷರ ಬಿಡದೆ ಓದಿದ. ನಮ್ಮ ಸೊಗಡು ಬರಲಿ ಎಂದು ಪ್ರತಿ ಸಾಲಿನ ಕೊನೆಗೂ ನಾನು 'ಕಣ್ಲಾ' ಅಂಟಿಸಿದ್ದೆ. ಕೆಂಪಮ್ಮ ಸೊಸೆಗೂ "ಬಾ ಕಣ್ಲಾ" ಎಂದಳು. ಅದು ಗಂಡಸರಿಗೆ ಅನ್ನುವ ಮಾತು, ಹೆಣ್ಣಿಗೆ 'ಕಣಮ್ಮಿ' ಎನ್ನಬೇಕು ಎಂದು ನನಗೆ ಹೊಳೆದದ್ದು ಊಟದ ಹೊತ್ತಿಗೆ. ಇಪ್ಪತ್ತು ವರ್ಷದಲ್ಲಿ ಅಷ್ಟೂ ಮರೆತಿದ್ದೇನೆ.

ಪ್ರಾಂಪ್ಟಿಂಗ್ ಎಂದರೆ ನಾನು ಯಾಕೆ ಮಾರು ದೂರ ಓಡುತ್ತೇನೆ, ಕೇಳಿ ವೀಕ್ಷಕರೇ. ನಮ್ಮ ಸೀಮೆಯ ನಾಲಿಗೆಗೆ 'ಹ' ದಕ್ಕುವುದಿಲ್ಲ. ಹೋಗು ನಮಗೆ ಓಗು. ಹಾಲು ಆಲು, ಹೆಸರು ಎಸರು, ಹಣ್ಣು ಅಣ್ಣು. ನನ್ನ ಮೊದಲ ಸೆಟ್ಟಿನಲ್ಲಿ ಒಂದು ಸೀಮಂತದ ದೃಶ್ಯವಿತ್ತು. ಹಾಳೆಯಲ್ಲಿದ್ದದ್ದು "ಹಣ್ಣನ್ನ ಕೊಯ್ದು ಎಲ್ರಿಗೂ ಹಂಚಮ್ಮ". ಸೋಫಾದ ಹಿಂದಿನಿಂದ ನಾನು ಹೇಳಿಕೊಟ್ಟದ್ದು "ಅಣ್ಣನ್ನ ಕೊಯ್ದು ಎಲ್ರಿಗೂ ಅಂಚಮ್ಮ". ಕಲಾವಿದೆ ಪಾಪ, ಕಿವಿಗೆ ಬಿದ್ದದ್ದನ್ನು ಮುಗುಳ್ನಗುತ್ತ ಹಾಗೇ ಒಪ್ಪಿಸಿದರು. ಅಣ್ಣನ ಪಾತ್ರಧಾರಿ ಪಕ್ಕದಲ್ಲೇ ನಿಂತಿದ್ದರು.

ಆ ಧಾರಾವಾಹಿ ಮುಗಿಯುವವರೆಗೂ ನನ್ನ ಹೆಸರು 'ಅಣ್ಣು'.

ಆಮೇಲೆ ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವವರೆಗೆ ಹ ಹಾ ಹಿ ಹೀ ಸಾಧನೆ ಮಾಡಿದೆ. ಕಲಿತೆ. ಸ್ವಲ್ಪ ಹೆಚ್ಚೇ ಕಲಿತೆ, ಕೆಲವು ಸಲ ಆನೆಯೂ ಹಾನೆಯಾಗುತ್ತದೆ. ಹಕಾರ ಗಳಿಸಿದೆ, ಅಹಂಕಾರ ಉಳಿಸಿದೆ.

ಇನ್ನು ಈ ಜನ್ಮದಲ್ಲಿ ಪ್ರಾಂಪ್ಟ್ ಮಾಡುವುದಿಲ್ಲ.

ಆಗಸ್ಟ್ 13, ಬುಧವಾರ

ಚೆಂಡುಹೂವಿನ ಹೊಲದಲ್ಲಿ ಶೂಟಿಂಗ್. ಓಣಂ ಹತ್ತಿರ ಬಂತು, ರಸ್ತೆಯುದ್ದಕ್ಕೂ ಕೇರಳದ ಕಾರು. ಕೆಂಪಮ್ಮ ಹೂ ಬಿಡಿಸುತ್ತ ಮಗನನ್ನು ಬಯ್ಯುವ ಸೀನು ನಡೆಯುತ್ತಿರುವಾಗ ಒಂದು ಕುಟುಂಬ ನೇರವಾಗಿ ಫ್ರೇಮಿನೊಳಕ್ಕೇ ಬಂತು. ಭಾನು ಮೇಡಂ ಕೈಗೆ ಮೊಬೈಲು ಕೊಟ್ಟು, "ಚೇಚ್ಚಿ, ಒರು ಫೋಟೋ" ಅಂದರು, ಅಕ್ಕಾ ಒಂದು ಫೋಟೋ ಅಂತ. ಮೇಡಂ ತಲೆಯ ವಸ್ತ್ರ ಸರಿಮಾಡಿಕೊಂಡು ಫೋಟೋ ತೆಗೆದುಕೊಟ್ಟರು. ಕ್ಯಾಮೆರಾ ಓಡುತ್ತಲೇ ಇತ್ತು.

ಸಂಜೆ ಎಲ್ಲವನ್ನೂ ನೋಡಿದೆ. ಇವತ್ತಿನವರೆಗೆ ಮೇಡಂ ಕೆಂಪಮ್ಮನ ಹಾಗೆ ಕಂಡದ್ದು ಅದೊಂದೇ ಶಾಟಿನಲ್ಲಿ. ಅದರಲ್ಲಿ ಮಾತಿಲ್ಲ.

ಆಗಸ್ಟ್ 17, ಭಾನುವಾರ
ಹರದನಹಳ್ಳಿ

ರಜೆ. ಬಸ್ಸಿನಲ್ಲಿ ಚಾಮರಾಜನಗರ, ಅಲ್ಲಿಂದ ಅಣ್ಣನ ಬೈಕಿನಲ್ಲಿ ಊರು. ಅಣ್ಣ ರಾಜಣ್ಣ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವ್ವ ಅವನ ಸಂಸಾರದ ಜೊತೆಗೇ ಇದ್ದಾಳೆ.

"ಬಾರಪ್ಪ ಡೈರೆಟ್ರು," ಅಂದಳು ಅವ್ವ. "ಸಂತೇಮರಳ್ಳಿ ಸಂತೇಲೂ ಯೋಳ್ಬುಟ್ಟು ಬಂದಿವ್ನಿ ಕಣ."

"ಏನಂತ ಹೇಳಿದೆಯವ್ವ?"

"ನನ್ ಚಿಕ್ಮಗ ಟೀವಿ ಒಳಗ ಎಲ್ರುಗೂವೆ ಇಂಗ್ ಮಾಡು ಅಂಗ್ ಮಾಡು ಅಂತ ಯೋಳೋನು ಅಂತ."

"ಅಂಗಾದ್ರ ಈ ಮನೆ ಡೈರೆಟ್ರು ನಿಮ್ಮತ್ತಿಗೆ ಕಣ್ಲಾ," ಅಂದ ಅಣ್ಣ. ಅಡುಗೆಮನೆಯಲ್ಲಿ ಲೋಟ ಜೋರಾಗಿ ಸದ್ದಾಯಿತು.

ನಾನು ಶೂಟಿಂಗ್ ಸುದ್ದಿ ಹೇಳುತ್ತ ಕೂತೆ. "ಪುಣಜನೂರು ರಸ್ತೆಗೆ ಜಾಗ ನೋಡೋಕೆ ಹೋಗಿದ್ವಿ. ಕಬ್ಬಿನ ಲಾರಿ ಮುಂದೆ ಒಂದು ಹಾನೆ ಬಂದು ನಿಂತಿತ್ತು..."

"ಏನ್ ಬಂದಿತ್ಲಾ?"

"ಆನೆ."

"ಅಂಗನ್ನು ಮತ್ತ! ಬೆಂಗ್ಳೂರ್ಗ ಓಗಿ ಆನಗೂ ಇನ್ನೊಂದ್ ಬಾಲ ಅಂಟ್ಸ್ಕಂಡ್ ಬಂದವ್ನಲ್ಲವ್ವ ನಿನ್ ಮಗ."

ಅವ್ವ ನಗಲಿಲ್ಲ. ಅವಳ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. "ನಿನ್ ಎಸ್ರು ಟೀವೀಲಿ ಬತ್ತದಂತಲ್ಲ, ದಿಟ್ವಾ?"

"ಬರುತ್ತೆ. ಎಲ್ಲರ ಹೆಸರೂ ಆದಮೇಲೆ, ಕಟ್ಟಕಡೆಗೆ, ದೊಡ್ಡದಾಗಿ."

"ನಂಗ ಓದಾಕ್ ಬರಲ್ವಲ್ಲಪ್ಪ. ನೀನೇ ಪಕ್ಕದಲ್ಲಿ ಕುಂತ್ಕಂಡು ಬೆಟ್ ಮಾಡಿ ತೋರ್ಸ್ಬೇಕು."

ತೋರಿಸುತ್ತೇನೆ ಎಂದೆ. ಎಷ್ಟು ಸಲೀಸಾಗಿ ಎಂದೆ.

ಆಗಸ್ಟ್ 22, ಶುಕ್ರವಾರ

ಕಳಿಸಿದ ಸಂಚಿಕೆಗಳನ್ನು ಚಾನೆಲ್‌ನವರು ನೋಡಿದರು. ದೊರೆಸ್ವಾಮಿಯವರು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಂದಿಟ್ಟರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು, ಮಗಳ ವಯಸ್ಸಿನ ದನಿ.

"ಇದು ಹಳ್ಳಿ ಭಾಷೆ ಅಲ್ಲ ಸಾರ್, ಹಳ್ಳಿಯವರನ್ನ ಅಣಕಿಸೋ ಭಾಷೆ. ಕೆಂಪಮ್ಮ ಮಗನ ಸಾವಿಗೆ ಅಳ್ತಿದ್ರೆ ನಮ್ಮ ಆಫೀಸಲ್ಲಿ ಎಲ್ಲಾ ನಕ್ರು."

ನನಗೆ ಸೋಫಾದ ಹಿಂದಿನ ವಾಸನೆ ಬಂತು. ದೂಳು, ವಾರ್ನಿಷು.

ಸಾವಿನ ದೃಶ್ಯ ಮಂಗಳವಾರ ಮತ್ತೆ ತೆಗೆಯಬೇಕು. ಅದೂ ಹಿಡಿಸದಿದ್ದರೆ ಎಲ್ಲವೂ ಬುಟ್ಟಿಗೆ, ನಾನು ಬೆಂಗಳೂರಿನ ಬಸ್ಸಿಗೆ. ನಾಗಮಣಿಗೆ ಫೋನ್ ಮಾಡಿದೆ. "ಆಗಲ್ಲ ಅಂದ್ರೆ ಬಂದ್ಬಿಡ್ರೀ," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಬಯ್ದಿದ್ದರೆ ವಾಸಿಯಿತ್ತು.

ನಿರಾಸೆಗೆ ಪ್ರಾಸ ಹುಡುಕಿದೆ. ದೋಸೆ ಅಂತ ಬಂತು. ಅರ್ಧ ತಿಂದು ಮಲಗಿದೆ.

ಆಗಸ್ಟ್ 24, ಭಾನುವಾರ

ಲಾಡ್ಜಿನ ಫ್ಯಾನು ತಿರುಗುತ್ತಿದೆ. ಈ ಕೋಣೆಯಲ್ಲಿ ಮುಂದೆ ಹೋಗುತ್ತಿರುವುದು ಅದೊಂದೇ. ಅದೂ ಹೋಗಿ ಹೋಗಿ ಅಲ್ಲಿಗೇ ಬರುತ್ತದೆ.

ಆಗಸ್ಟ್ 26, ಮಂಗಳವಾರ

ದೃಶ್ಯ ಇಷ್ಟು: ಕೆಂಪಮ್ಮನ ಕಿರಿಮಗ ಕಬ್ಬಿನ ಲಾರಿ ಡ್ರೈವರ್. ಊಟಕ್ಕೆ ಬರುತ್ತೇನೆಂದು ಹೇಳಿಹೋದವನು. ಅವ್ವ ತಟ್ಟೆಗೆ ಅನ್ನ ಇಟ್ಟುಕೊಂಡು ಕೂತಿದ್ದಾಳೆ. ಲಾರಿ ಮಗುಚಿತು, ಮಗ ಇಲ್ಲ ಎಂಬ ಸುದ್ದಿ ಬರುತ್ತದೆ. ನಾನು ಬರೆದಿದ್ದ ಮಾತು: "ಹೋಗಿಬಿಟ್ನಾ ಕಣ್ಲಾ? ನನ್ನ ಮಗ ಊಟ ಮಾಡದೆ ಹೋಗಿಬಿಟ್ನಾ ಕಣ್ಲಾ?"

ಬೆಳಿಗ್ಗೆಯಿಂದ ಅದನ್ನೇ ತೆಗೆದೆವು. ಗಣೇಶ ಹೇಳಿಕೊಟ್ಟ, ಭಾನು ಮೇಡಂ ಹೇಳಿದರು, ನಾನು ಕಟ್ ಎಂದೆ. ತಟ್ಟೆಯ ಅನ್ನ ಒಣಗಿತು, ಬೇರೆ ಅನ್ನ ಇಟ್ಟರು. ಕಡೆಗೆ ಮೇಡಂ, "ಶಶಿ ಸಾರ್, ನನಗೆ ನಿಜವಾಗ್ಲೂ ಅಳು ಬರ್ತಾ ಇದೆ. ಆದ್ರೆ ಈ ಸಾಲಿಗಲ್ಲ" ಅಂದರು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ದೊರೆಸ್ವಾಮಿ ಬಾಗಿಲಲ್ಲಿ ನಿಂತು ಬಿಸಿಲನ್ನೂ ನೋಡುತ್ತಿದ್ದರು, ನನ್ನನ್ನೂ ನೋಡುತ್ತಿದ್ದರು.

ಏನಾಯಿತೋ ಗೊತ್ತಿಲ್ಲ. ಕುರ್ಚಿ ಬಿಟ್ಟು ಎದ್ದೆ. ಗಣೇಶನನ್ನು ಸರಿಸಿ, ಮಂಚದ ಕೆಳಗೆ ನುಗ್ಗಿ ಮಲಗಿದೆ. ಕೈಯಲ್ಲಿ ಹಾಳೆ ಇರಲಿಲ್ಲ.

"ಓದ್ನಾ?" ಅಂದೆ.

"ಓದ್ನಾ?" ಅಂದರು ಮೇಡಂ.

"ಉಣ್ದೆ ಓದ್ನಾ? ತಟ್ಟಗ ಇಕ್ಕಿವ್ನಲ್ಲಪ್ಪ... ಎದ್ ಬರಾಕ್ ಯೋಳ್ರಪ್ಪ ಅವ್ನ್ಗ. ಆರೋಯ್ತದ."

ಅವರು ಹೇಳಿದರು. ಮಂಚದ ಕೆಳಗಿನಿಂದ ನನಗೆ ಕಂಡದ್ದು ಅವರ ಪಾದ ಮಾತ್ರ. ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಕ್ಯಾಮೆರಾ ಸುಮ್ಮನೆ ಓಡಿತು. ಕಟ್ ಅನ್ನಬೇಕಾದವನು ಮಂಚದ ಕೆಳಗಿದ್ದ. ಕೊನೆಗೆ ಗಣೇಶ ಅಂದ.

ಅಪ್ಪ ಗದ್ದೆಯಲ್ಲಿ ಕುಸಿದು ಸತ್ತ ದಿನ ಅವ್ವ ಬಾಗಿಲಲ್ಲಿ ನಿಂತು ಅಂದ ಮಾತು ಅದು. ನನಗದು ನೆನಪಿದೆ ಅಂತ ನನಗೇ ಗೊತ್ತಿರಲಿಲ್ಲ.

ಆಗಸ್ಟ್ 29, ಶುಕ್ರವಾರ

ಮಾನ್ಯ ವೀಕ್ಷಕರ ಗಮನಕ್ಕೆ: ವ್ಯವಸ್ಥೆಯಲ್ಲಿ ಒಂದು ಸಣ್ಣ ಬದಲಾವಣೆ.

ಚಾನೆಲ್‌ನ ಹೆಣ್ಣುಮಗಳು ಬೆಳಿಗ್ಗೆ ಫೋನ್ ಮಾಡಿದಳು. ಮೊದಲು, "ಓದ್ನಾ ಅಂದ್ರೆ ಏನ್ ಸಾರ್? ಹುಡುಗ ಓದ್ತಾ ಇದ್ನಾ? ಲಾರಿ ಡ್ರೈವರ್ ಅಲ್ವಾ?" ಅಂತ ಕೇಳಿದಳು. ಅದು 'ಹೋದ್ನಾ' ಅಂತ ಗಣೇಶ ಬಿಡಿಸಿ ಹೇಳಿದ. ಅವಳ ಆಫೀಸಿನಲ್ಲಿ ಎಲ್ಲರೂ ಅತ್ತರು ಅಂದಳು. "ಇದನ್ನ ಹೇಳಿಕೊಟ್ಟೋರು ಯಾರು? ಅವರನ್ನ ಮೇಡಂ ಪಕ್ಕದಿಂದ ಒಂದು ದಿನವೂ ಕದಲಿಸ್ಬೇಡಿ. ಸೀರಿಯಲ್ ಓಕೆ."

ಸೀರಿಯಲ್ ಓಕೆ. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ದೊರೆಸ್ವಾಮಿಯವರು ನನ್ನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಬಂದರು. "ನೋಡು ಶಶಿ. ಮಾನಿಟರ್ ಮುಂದೆ ಕೂತ್ರೆ ನಿನ್ನಿಂದ ಒಂದು ಕುರ್ಚಿ ತುಂಬುತ್ತೆ. ಮೇಡಂ ಪಕ್ಕ ಕೂತ್ರೆ ಸೀನ್ ತುಂಬುತ್ತೆ. ಎರಡೂ ಕಡೆ ಒಬ್ಬನೇ ಇರೋಕಾಗಲ್ಲ. ಡೈರೆಕ್ಷನ್ ಗಣೇಶ ನೋಡ್ಕೊಳ್ಳಲಿ. ನಿನ್ನ ಹೆಸರು ಹಾಕ್ತೀನಯ್ಯಾ, ಭಾಷಾ ಸಹಾಯ ಅಂತ."

ಕುರ್ಚಿ ತುಂಬುತ್ತೆ, ಸೀನ್ ತುಂಬುತ್ತೆ. ಪ್ರಾಸದಲ್ಲೂ ನನ್ನನ್ನು ಸೋಲಿಸಿದರು.

ಗಣೇಶ ಕಾಫಿ ತಂದುಕೊಟ್ಟ. "ಸಾರ್, ನಾನ್ ಕೇಳಿದ್ದಲ್ಲ ಸಾರ್," ಅಂದ. ಗೊತ್ತು ಕಣಯ್ಯಾ ಅಂದೆ. ಒಂದೇ ಒಂದು ಸಲ ಚೆನ್ನಾಗಿ ಮಾಡಿದ್ದಕ್ಕೆ ಕೆಲಸ ಓಯಿತು. ಕೆಟ್ಟದಾಗಿ ಮಾಡುವಾಗ ಮೂರು ವಾರ ಇತ್ತು.

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಓಣಂ. ಕೇರಳದ ಕಾರುಗಳೆಲ್ಲ ಓದವು. ಹೂ ಬಿಡಿಸಿದ ಒಲ ಬೋಳಾಗಿ ಬಿದ್ದಿದೆ.

ಇಡೀ ದಿನ ಮಂಚದ ಕೆಳಗೆ. ಇದರ ಅಡಿಯಲ್ಲಿ ಯಾರೋ ಸೀಮೆಸುಣ್ಣದಲ್ಲಿ ಬಡಗಿಯ ಲೆಕ್ಕ ಬರೆದಿದ್ದಾರೆ, ಓದಿ ಓದಿ ಬಾಯಿಗೆ ಬಂದಿದೆ. ಮೇಡಂ ನಡುನಡುವೆ ಬಗ್ಗಿ, "ಶಶಿ ಸಾರ್, ನೀರು ಬೇಕಾ?" ಅಂತ ಕೇಳುತ್ತಾರೆ. ಹಾಳೆಯಲ್ಲಿರೋದನ್ನ ನಾನು ಹೇಳೋದೇ ಇಲ್ಲ ಈಗ. ಬಾಯಿಗೆ ಬಂದದ್ದು ಹೇಳ್ತೀನಿ, ಗಣೇಶ ಓಕೆ ಅಂತಾನೆ. ಅವನು ಚೆನ್ನಾಗೇ ಮಾಡ್ತಾನೆ. ಬೇಗ ಮುಗಿಸ್ತಾನೆ. ಅದನ್ನ ಬರೆಯಾಕೆ ಬ್ಯಾಸರ.

ವೀಕ್ಷಕರೇ, ನಿರ್ದೇಶಕರು ಸದ್ಯ ಬೇರೆ ಜಾಗದಲ್ಲಿ ಕುಂತಿದ್ದಾರೆ. ಅಷ್ಟೇಯ.

ಅಕ್ಟೋಬರ್ 9, ಗುರುವಾರ

ಅವ್ವ ಅಣ್ಣನ ಫೋನಿಂದ ಮಾತಾಡಿದಳು.

"ಯಾವಾಗ್ಲಾ ಬರದು ಟೀವೀಲಿ?"

"ದೀಪಾವಳಿ ಕಳೀಲಿ ಅಂದವ್ರೆ ಕಣವ್ವ."

"ಅದ್ಯಾಕ್ಲಾ ಮಗ, ದನಿ ಅಂಗದ? ಉಂಡಾ?"

ಉಂಡೆ ಅಂದೆ. ಕುರ್ಚಿ ಓದ ವಿಷಯ ಏಳಬೇಕು ಅಂತಲೇ ಫೋನ್ ಎತ್ತಿದ್ದು. ಆಗಲಿಲ್ಲ. ಎದುರಿಗೆ ಕುಂತಾಗ ಏಳನ ಅಂದ್ಕೊಂಡೆ.

ನವೆಂಬರ್ 10, ಸೋಮವಾರ
ಹರದನಹಳ್ಳಿ

ಮಾನ್ಯ ವೀಕ್ಷಕರೇ, ಇವತ್ತು ಸಾಯಂಕಾಲ ಮೊದಲ ಸಂಚಿಕೆ ಬಂತು.

ಬೀದಿಯವರನ್ನ ಕರೀಬ್ಯಾಡ ಅಂತ ಮೊದಲೇ ಅಂದಿದ್ದೆ. ಮನೆಯವರಷ್ಟೇ. ಅವ್ವ ಅಬ್ಬದ ಸೀರೆ ಉಟ್ಟು, ಟೀವಿ ಮುಂದೆ ಚಾಪೆ ಆಸಿಕೊಂಡು ಕುಂತಳು. ನನ್ನನ್ನ ಪಕ್ಕಕ್ಕೆ ಎಳ್ಕೊಂಡಳು. ಅತ್ತಿಗೆ ಒಳಗೆ ಮುದ್ದೆ ತಿರುವುತ್ತಿದ್ದಳು. ಅಣ್ಣ ಡ್ಯೂಟಿಯಿಂದ ಬಂದವನು ಬಾಗಿಲಿಗೆ ಒರಗಿ ನಿಂತಿದ್ದ. ಏಳಬೇಕು ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಟೈಟಲ್ ಸಾಂಗು ಸುರುವಾಯಿತು.

ಎಸರುಗಳು ಓಡಿದವು. ಭಾಷಾ ಸಹಾಯ ಅಂತ ನಂದೂ ಸಣ್ಣಕೆ ಬಂದು ಓಯ್ತು. ಅವ್ವ ಆಗ ಕನ್ನಡಕ ಒರೆಸ್ಕೋತಾ ಇದ್ದಳು. ಕೊನೆಗೆ, ದೊಡ್ಡದಾಗಿ, ನಿರ್ದೇಶನ ಅಂತ ಬಂತು.

"ಇದೇನ್ಲಾ ಮಗ? ದೊಡ್ಡಕದಲ್ಲ, ಇದೇಯಾ?"

ಬೆಟ್ಟು ಮಾಡಿ ತೋರಿಸಿದೆ. "ಊ ಕಣವ್ವ. ಇದೇಯ."

ಅವಳು ಬಾಗಿಲ ಕಡೆ ತಿರುಗಿದಳು. "ಊನ್ಲಾ ರಾಜ?"

ಅಣ್ಣಂಗೆ ಓದಾಕೆ ಬತ್ತದೆ. ಅವನು ಟೀವಿ ನೋಡಿದ, ನನ್ನ ಮೊಕ ನೋಡಿದ. "ಊ ಕಣವ್ವ. ಅದೇಯ ನಮ್ ಶಸಿ ಎಸ್ರು," ಅಂದ. ಅಂದು ಆಚೆಗೆ ಓದ.

ಅವ್ವ ಟೀವಿಗೆ ಅಂಗೈ ಒತ್ತಿ ಕಣ್ಣಿಗೆ ಒತ್ತಿಕೊಂಡಳು. ಅಷ್ಟೊತ್ತಿಗೆ ಎಸರು ಓಗಿ ಸೋಪಿನ ಜಾಹೀರಾತು ಬಂದಿತ್ತು.

ಆಮೇಲೆ ಕೆಂಪಮ್ಮ ಬಂದಳು. ತಟ್ಟೆ ಮುಂದೆ ಕುಂತಳು. "ಓದ್ನಾ? ಉಣ್ದೆ ಓದ್ನಾ?" ಅಂದಳು.

ಅವ್ವ ಅಲ್ಲಾಡಲಿಲ್ಲ. ದೃಶ್ಯ ಮುಗಿದು ಬೇರೆದು ಬಂದರೂ ಅಂಗೇ ಕುಂತಿದ್ದಳು.

"ಇವ್ಳ್ಗ ಯಾರ್ಲಾ ಇದ್ನ ಯೋಳ್ಕೊಟ್ಟೋರು?"

"ಯಾರೋ ಒಬ್ಬ ಇರ್ತಾನೆ ಕಣವ್ವ. ಮಂಚದ ಕೆಳಗೆ."

"ನಮ್ ಕಡೆಯೋನೇ ಇರ್ಬೇಕು ಕಣ. ಪಾಪ, ಯಾರ್ ಎತ್ತ ಮಗನೋ. ಒಂದಿನ ಮನಗ ಕರ್ಕಂಡ್ ಬಾ ಅವ್ನ. ಒಂದ್ ತಟ್ಟ ಅನ್ನ ಇಕ್ಕನ."

ಊ ಅಂದೆ. ಊ ಅಂದ್ಬುಟ್ಟೆ.

ಮಾನ್ಯ ವೀಕ್ಷಕರೇ ಅಂತ ಇನ್ ಬರಿಯಲ್ಲ. ನೀವ್ಯಾರೂ ಇಲ್ಲ, ಯಾವತ್ತೂ ಇರ್ನಿಲ್ಲ. ನೀನು ಕಣ್ಣಿಗೆ ಒತ್ಕಂಡಿದ್ದು ಗಣೇಶನ ಎಸ್ರು. ಮಂಚದ ಕೆಳಗಿರೋನು ನಾನೇ ಕಣವ್ವ.